ಬೋನ್ಸಾಯ್ ಬೀಜಕ್ಕೆ ಮೊದಲು ಬೇಕಾದದ್ದು ಚಳಿ

ಮಾನ್ಯ ಸಂಪಾದಕರೇ,

ಕುಂಡದಲ್ಲಿ ಕುಳ್ಳಗೆ ಬೆಳೆಸುವ ಮರಕ್ಕೆ ಬೋನ್ಸಾಯ್ ಎನ್ನುತ್ತಾರೆ. ‘ಬೋನ್ಸಾಯ್ ಬೀಜ’ ಎಂಬ ಹೆಸರಿನ ಪೊಟ್ಟಣ, ಕಿಟ್‌ಗಳ ಮಾರಾಟ ಆನ್‌ಲೈನ್‌ನಲ್ಲಿ ಜೋರಾಗಿದೆ. ಮಣ್ಣಿಗೆ ಹಾಕಿ, ನೀರು ಕೊಟ್ಟು, ಕಿಟಕಿ ಬಳಿ ಇಟ್ಟರೆ ಸಾಕು ಎನ್ನುವಂಥ ಸೂಚನೆ ಹಲವು ಕಿಟ್‌ಗಳ ಜೊತೆ ಬರುತ್ತದೆ. ಚಳಿ ಪ್ರದೇಶದ ಹೊಸಬರು ಅದನ್ನು ನಂಬಿ ಇಡೀ ಒಂದು ಋತು ಕಳೆದುಕೊಳ್ಳುತ್ತಾರೆ. ಮೊಳಕೆ ಬರದಿದ್ದಾಗ ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ. ಹೇಳಲೇಬೇಕಾದ ಸಂಗತಿಯನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಬೋನ್ಸಾಯ್ ಎಂಬ ಜಾತಿಯ ಮರವೇ ಇಲ್ಲ. ಪೊಟ್ಟಣದಲ್ಲಿರುವುದು ಮಾಮೂಲಿ ಮರದ ಮಾಮೂಲಿ ಬೀಜ. ಅದನ್ನು ಕುಳ್ಳಗಿಡುವುದು ಕತ್ತರಿ, ತಂತಿ ಮತ್ತು ಕುಂಡ. ಹಾಗಾಗಿ ಮರದ ಹೆಸರೇ ಇಲ್ಲದ ಪೊಟ್ಟಣ ಕೊಳ್ಳಬೇಡಿ. ಕಡುನೀಲಿ ಎಲೆಯ ಮೇಪಲ್ ಎಂದು ಚಿತ್ರ ತೋರಿಸಿ ಮಾರುವುದಂತೂ ಶುದ್ಧ ಮೋಸ, ಅಂಥ ಮರವೇ ಇಲ್ಲ. ಫೈಕಸ್‌ನಂಥ ಉಷ್ಣವಲಯದ ಮರ ಹಿಮ ಬೀಳುವ ಕಡೆ ಹೊರಗೆ ಉಳಿಯದು. ಜಪಾನಿ ಮೇಪಲ್, ಲಾರ್ಚ್, ಸ್ಕಾಟ್ಸ್ ಪೈನ್, ಕ್ರ್ಯಾಬ್ ಆ್ಯಪಲ್ ಚಳಿಗೆ ಒಗ್ಗುವಂಥವು. ಮೊದಲ ಸಲಕ್ಕೆ ಲಾರ್ಚ್ ಅಥವಾ ಸ್ಕಾಟ್ಸ್ ಪೈನ್ ಒಳ್ಳೆಯದು, ಬೇಗ ಮೊಳೆಯುತ್ತವೆ. ಹಾಥಾರ್ನ್ ಎಂಬ ಮುಳ್ಳುಮರ ಎಷ್ಟೇ ಚೆಂದವಿದ್ದರೂ ಸದ್ಯಕ್ಕೆ ಬೇಡ, ಅದರ ಬೀಜ ಒಮ್ಮೊಮ್ಮೆ ಎರಡು ವರ್ಷ ಕಾಯಿಸುತ್ತದೆ.

ಚಳಿ ಪ್ರದೇಶದ ಮರಗಳ ಬೀಜ ಮಾಗುವುದು ಸಾಮಾನ್ಯವಾಗಿ ಚಳಿಗಾಲದ ಮುಂಚೆ. ಉದುರಿದ ಕೂಡಲೇ ಮೊಳೆತರೆ ಎಳೆ ಸಸಿ ಹಿಮಕ್ಕೆ ಬಲಿ. ಅದಕ್ಕೇ ಚಳಿಗಾಲ ಕಳೆದದ್ದು ಖಾತ್ರಿಯಾಗುವವರೆಗೆ ಬೀಜ ನಿದ್ದೆಯಲ್ಲಿರುತ್ತದೆ. ಆ ನಿದ್ದೆ ಕಳೆಯಲು ತೇವ ಮತ್ತು ತಂಪು ಎರಡೂ ಒಟ್ಟಿಗೆ ಬೇಕು. ಒಣ ಪೊಟ್ಟಣವನ್ನು ಹಾಗೇ ಫ್ರಿಜ್ಜಿನಲ್ಲಿಟ್ಟರೆ ಏನೂ ಆಗದು.

ಬೀಜವನ್ನು 24 ಗಂಟೆ ನೀರಿನಲ್ಲಿ ನೆನೆಸಿ. ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರವಾದ ಬಿಳಿ ಹರಳು), ಮರಳು ಅಥವಾ ನೀರು ಹಿಡಿದಿಡುವ ಸ್ಫ್ಯಾಗ್ನಂ ಪಾಚಿಯನ್ನು ಒದ್ದೆ ಮಾಡಿ, ಹಿಂಡಿದ ಬಟ್ಟೆಯಷ್ಟು ಮಾತ್ರ ತೇವ ಉಳಿಸಿ, ಬೀಜ ಬೆರೆಸಿ ಜಿಪ್ ಚೀಲಕ್ಕೆ ಹಾಕಿ. ಮರದ ಹೆಸರು, ದಿನಾಂಕ ಬರೆದು ಫ್ರಿಜ್ಜಿನಲ್ಲಿ 1ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಫ್ರೀಜರ್ ಬೇಡ. ಹಣ್ಣಿನ ಪಕ್ಕವೂ ಬೇಡ, ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಬೀಜಕ್ಕೆ ಒಳ್ಳೆಯದಲ್ಲ. ಜಪಾನಿ ಮೇಪಲ್‌ಗೆ 90ರಿಂದ 120 ದಿನ, ಕ್ರ್ಯಾಬ್ ಆ್ಯಪಲ್‌ಗೆ 60ರಿಂದ 90, ಲಾರ್ಚ್‌ಗೆ ಮೂರ್ನಾಲ್ಕು ವಾರ. ಸ್ಕಾಟ್ಸ್ ಪೈನ್‌ಗೆ ಈ ತಂಪಿಲ್ಲದೆಯೂ ನಡೆಯುತ್ತದೆ, ಆದರೆ ಒಂದು ತಿಂಗಳ ತಂಪು ಸಿಕ್ಕರೆ ಮೊಳಕೆಗಳು ಒಟ್ಟಿಗೆ ಏಳುತ್ತವೆ. ಕೊನೆಯ ಹಿಮ ಬೀಳುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಶುರು ಮಾಡಿ. ಹದಿನೈದು ದಿನಕ್ಕೊಮ್ಮೆ ಚೀಲ ತೆರೆದು ನೋಡಿ: ಬೂಷ್ಟು ಕಂಡರೆ ಬೀಜ ತೊಳೆದು, ಹೊಸ ಮರಳಿಗೆ ಬದಲಿಸಿ. ಬಿಳಿ ಬೇರಿನ ತುದಿ ಇಣುಕಿದ ಬೀಜವನ್ನು ಅವಧಿ ಮುಗಿಯಲಿ ಎಂದು ಕಾಯದೆ ಆಗಲೇ ಬಿತ್ತಬೇಕು.

ಬಿತ್ತುವ ಮಿಶ್ರಣ ಅರ್ಧ ಕೋಕೋಪೀಟ್, ಅರ್ಧ ಪರ್ಲೈಟ್ ಇರಲಿ. ಪೈನ್‌ಗಾದರೆ ದಪ್ಪ ಮರಳಿನ ಪಾಲು ಹೆಚ್ಚಿಸಿ. ಬೀಜದ ದಪ್ಪದ ಒಂದೂವರೆಯಿಂದ ಎರಡರಷ್ಟು ಆಳ ಸಾಕು. ಎಲ್ಲವೂ ಹುಟ್ಟುವುದಿಲ್ಲ, ಹುಟ್ಟಿದ್ದೆಲ್ಲ ಉಳಿಯುವುದೂ ಇಲ್ಲ. ಐದು ಬೀಜ ನೆಚ್ಚಿಕೊಳ್ಳಬೇಡಿ, ಇಪ್ಪತ್ತು ಮೂವತ್ತಾದರೂ ಹಾಕಿ.

ಹೊಸಬರ ಸಸಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಸಸಿ ಸಾಯುವ ರೋಗ. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಅಡ್ಡ ಮಲಗಿರುತ್ತದೆ. ಹತ್ತಿರದಿಂದ ನೋಡಿದರೆ ಮಣ್ಣಿಗೆ ತಾಗಿದ ಕಡೆ ಕಾಂಡ ಕಂದಿ, ದಾರದಷ್ಟು ಸಣ್ಣಗಾಗಿರುತ್ತದೆ. ಮೇಲಿನ ಎಲೆ ಮಾತ್ರ ಇನ್ನೂ ಹಸಿರು. ಬಾಡಿದೆ ಎಂದು ಆಗ ಇನ್ನಷ್ಟು ನೀರು ಹಾಕಿದರೆ ಪಕ್ಕದವೂ ಹೋಗುತ್ತವೆ. ಸದಾ ಒದ್ದೆ ಇರುವ ಮೇಲ್ಮಣ್ಣು, ಕುಂಡದ ಮೇಲೆ ಗಾಳಿಯಾಡದ ಮುಚ್ಚಳ, ಒತ್ತಾದ ಬಿತ್ತನೆ ಇದ್ದಲ್ಲಿ ಈ ರೋಗ ಹಬ್ಬುತ್ತದೆ. ಮೊಳಕೆ ಕಂಡ ದಿನವೇ ಮುಚ್ಚಳ ತೆಗೆಯಿರಿ, ನೀರನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸಿ, ಮೇಲೊಂದು ತೆಳು ಪದರ ಮರಳು ಹರಡಿ.

ಸಸಿ ಎದ್ದ ತಕ್ಷಣ ಅಂಗೈಯಗಲದ ಬೋನ್ಸಾಯ್ ತಟ್ಟೆಗೆ ವರ್ಗಾಯಿಸುವ ಆಸೆ ಸಹಜ. ದಯವಿಟ್ಟು ತಡೆದುಕೊಳ್ಳಿ. ಎಲೆ ಹೆಚ್ಚಿದಷ್ಟೂ ಕಾಂಡ ದಪ್ಪವಾಗುತ್ತದೆ. ಬೇರಿಗೆ ಜಾಗವಿಲ್ಲದೆ, ಮೇಲೆ ಕತ್ತರಿಯೂ ಬಿದ್ದರೆ ಗಿಡ ಕಡ್ಡಿಯಾಗಿಯೇ ಉಳಿಯುತ್ತದೆ. ದೊಡ್ಡ ಕುಂಡದಲ್ಲೋ ನೆಲದಲ್ಲೋ ಐದರಿಂದ ಹತ್ತು ವರ್ಷ ಬೆಳೆಯಲಿ. ಈ ನಡುವೆ ಎರಡು ಕೆಲಸ ಸಾಕು. ಮೇಪಲ್‌ನಂಥ ಎಲೆ ಉದುರುವ ಮರವಾದರೆ ಎರಡನೇ ವಸಂತದಲ್ಲಿ, ಮೊಗ್ಗು ಒಡೆಯುವ ಮುನ್ನ ಕಿತ್ತು, ತಾಯಿಬೇರು ಮೊಟಕು ಮಾಡಿ, ಪಕ್ಕದ ಬೇರುಗಳನ್ನು ಸುತ್ತಲೂ ಹರಡಿ ನೆಡುವುದು. ಕಾಂಡ ಇನ್ನೂ ಬಾಗುವಾಗಲೇ ಅಲ್ಯೂಮಿನಿಯಂ ತಂತಿ ಸುತ್ತಿ ತಿರುವು ಕೊಡುವುದು. ತಂತಿ ತೊಗಟೆಗೆ ಕಚ್ಚುವ ಮುನ್ನ ಬಿಚ್ಚಿ.

ಇನ್ನು ಚಳಿಗಾಲ. ಪಾಪ, ಚಳಿಯಾಗುತ್ತದೆ ಎಂದು ಕುಂಡವನ್ನು ಹೀಟರ್ ಇರುವ ಕೋಣೆಗೆ ತರುವವರೇ ಹೆಚ್ಚು. ಈ ಮರಗಳಿಗೆ ವರ್ಷಕ್ಕೊಮ್ಮೆ ವಿಶ್ರಾಂತಿ ಬೇಕೇಬೇಕು. ಬೆಚ್ಚಗಿಟ್ಟರೆ ಮೊದಲ ವರ್ಷ ಹೇಗೋ ತಳ್ಳಿ, ಮುಂದೆ ಸೊರಗಿ ಸಾಯುತ್ತವೆ. ಹಾಗೆಂದು ಕುಂಡವನ್ನು ಬಯಲಿನಲ್ಲೇ ಬಿಡುವುದೂ ಸಲ್ಲದು. ಜಪಾನಿ ಮೇಪಲ್‌ನ ಕೊಂಬೆ ಮೈನಸ್ 20 ಡಿಗ್ರಿ ತಾಳಿದರೂ ಬೇರು ಮೈನಸ್ 10ರ ಆಸುಪಾಸಿನಲ್ಲೇ ಸಾಯಬಹುದು, ಎಳೆ ಬೇರು ಅದಕ್ಕೂ ಮೊದಲೇ. ನೆಲದ ಮಣ್ಣು ಬೇರನ್ನು ಕಾಯುತ್ತದೆ. ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಚಳಿ. ಆದ್ದರಿಂದ ಕುಂಡವನ್ನು ಅಂಚಿನವರೆಗೆ ನೆಲದಲ್ಲಿ ಹೂತು, ಮೇಲೆ ಒಣ ಎಲೆ ಅಥವಾ ತೊಗಟೆಯ ಹೊದಿಕೆ ಹಾಕಿ. ಅದರ ಮೇಲೆ ಹಿಮ ಬಿದ್ದರೆ ಗುಡಿಸಬೇಡಿ, ಅದೂ ರಕ್ಷಣೆಯೇ. ನೆಲವಿಲ್ಲದವರು 0ಯಿಂದ 5 ಡಿಗ್ರಿ ಇರುವ ಗ್ಯಾರೇಜಿನಲ್ಲಿಡಬಹುದು. ಎಲೆ ಉದುರಿದ ಗಿಡಕ್ಕೆ ಅಲ್ಲಿ ಬೆಳಕು ಬೇಡ, ಆದರೆ ಮಣ್ಣು ಪೂರ್ತಿ ಒಣಗಬಾರದು. ಪೈನ್‌ನಂಥ ನಿತ್ಯಹಸಿರು ಮರಕ್ಕೆ ಬೆಳಕೂ ಬೇಕು, ಗಾಳಿಗೆ ಮರೆಯೂ ಬೇಕು; ಬೇರು ಹೆಪ್ಪುಗಟ್ಟಿ ನೀರು ಮೇಲೇರದಿರುವಾಗ ಒಣಗಾಳಿ ಬೀಸಿದರೆ ಸೂಜಿಎಲೆ ಕಂದುತ್ತದೆ.

ಮಾರಾಟಗಾರರು ಪೊಟ್ಟಣದ ಮೇಲೆ ಮರದ ಸಸ್ಯಶಾಸ್ತ್ರೀಯ ಹೆಸರು, ಬೀಜ ಸಂಗ್ರಹಿಸಿದ ವರ್ಷ, ಎಷ್ಟು ದಿನ ತಂಪು ಬೇಕು ಎಂಬ ಮೂರು ವಿವರ ಮುದ್ರಿಸಲಿ. ಅಲ್ಲಿಯವರೆಗೆ ಓದುಗರು ಈ ಮೂರನ್ನೂ ಕೇಳಿ, ಉತ್ತರ ಸಿಕ್ಕ ಮೇಲೆಯೇ ಹಣ ಕೊಡಲಿ.

– ಒಬ್ಬ ಬೋನ್ಸಾಯ್ ಬೆಳೆಗಾರ