ಪೀಪಾಯಿ ತುಂಬಿದ ರಾತ್ರಿ

ಕಡಲ್ಗಳ್ಳರ ಕಾಲದ ವೇಷ ಹಾಕಿ ನಡೆಸಿದ ನಮ್ಮ ಶಿಬಿರ ಮುಗಿದು ಒಂಬತ್ತು ದಿನ ಆಯಿತು. ಟೆಂಟಿನ ಬಟ್ಟೆಗಳು ಇನ್ನೂ ನಮ್ಮ ಗರಾಜಿನಲ್ಲಿ ನೇತಾಡುತ್ತಿವೆ. ಕಾರಿನ ಡಿಕ್ಕಿ ತೆಗೆದರೆ ಈಗಲೂ ಹೊಗೆ ವಾಸನೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜ್ಯಾಕ್ಸನ್‌ವಿಲ್‌ನಲ್ಲಿರುವ ನಿಮಗೆ ಇದೆಲ್ಲ ಗೊತ್ತಿರುವ ಕಥೆ. ಊರಿನಲ್ಲಿ ಕೂತು ಫೋಟೋ ನೋಡಿ "ಇದೇನು ವೇಷ ಮಾರಾಯ್ತಿ" ಅಂತ ಕೇಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಮನೆಯಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿ ಹೋದರೆ ಸೇಂಟ್ ಆಗಸ್ಟಿನ್ ಸಿಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 1565ರಲ್ಲಿ ಸ್ಪೇನಿನವರು ಕಟ್ಟಿದ ಊರು. 1668ರ ಮೇ ತಿಂಗಳ ಒಂದು ರಾತ್ರಿ ಜಮೈಕಾದ ಕಡೆಯಿಂದ ಬಂದ ರಾಬರ್ಟ್ ಸರ್ಲ್ ಎಂಬವನು ತನ್ನ ಬುಕನೀರ್‌ಗಳ ಜೊತೆ ಆ ಊರನ್ನು ದೋಚಿದ. ಬುಕನೀರ್ ಅಂದರೆ ಕೆರಿಬಿಯನ್ ಕಡಲಿನ ದರೋಡೆಕೋರರು. ಮೊದಲು ಅವರು ದ್ವೀಪಗಳಲ್ಲಿ ಕಾಡುದನ, ಕಾಡುಹಂದಿ ಬೇಟೆಯಾಡಿಕೊಂಡು ಇದ್ದವರು. ಮಾಂಸವನ್ನು ಹೊಗೆಯಲ್ಲಿ ಒಣಗಿಸುವ ಮರದ ಅಟ್ಟಕ್ಕೆ ಬುಕಾನ್ ಅನ್ನುತ್ತಿದ್ದರು. ಹೆಸರು ಅಲ್ಲಿಂದಲೇ ಬಂತು.

ಸರ್ಲ್ ಮಾಡಿದ ಉಪಾಯ ಸುಲಭದ್ದು. ಊರಿನವರು ದಿನಸಿ ಹಡಗಿಗೆ ಕಾಯುತ್ತಾ ಕೂತಿದ್ದರು. ಇವನು ಆ ಹಡಗನ್ನೇ ಹಿಡಿದು ಅದರಲ್ಲೇ ಬಂದ. ಅಂತೂ ಹಿಟ್ಟು ಬಂತು ಅಂತ ಊರು ನೆಮ್ಮದಿಯಾಗಿ ಮಲಗಿತು. ಬೆಳಗಾಗುವಷ್ಟರಲ್ಲಿ ಸುಮಾರು 60 ಜನ ಸತ್ತಿದ್ದರು. ಆಗ ಅಲ್ಲಿ ಇದ್ದದ್ದು ಮರದ ಕೋಟೆ. ಈಗ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುವ ಕಲ್ಲಿನ ಕೋಟೆ ಆ ಹೆದರಿಕೆಯಿಂದ ಹುಟ್ಟಿದ್ದು. 1672ರಲ್ಲಿ ಶುರು ಮಾಡಿ 1695ರಲ್ಲಿ ಮುಗಿಸಿದರು, ಅದೂ ಕಪ್ಪೆಚಿಪ್ಪು ಒತ್ತಿಕೊಂಡು ಗಟ್ಟಿಯಾದ ಕಲ್ಲಿನಲ್ಲಿ.

ಆ ದಾಳಿಯ ನೆನಪಿಗೆ ಅಲ್ಲಿ ನಡೆಯುವ ಮಾರ್ಚಿನ ಹಬ್ಬಕ್ಕೆ ಬರುವವರಿಗೆ ಆ ಕಾಲದವರ ಹಾಗೆ ಉಟ್ಟು, ಬೇಯಿಸಿ, ಹೊಲಿದು ತೋರಿಸುವುದು ನಮ್ಮ ತಂಡದ ಕೆಲಸ. ನಾಲ್ಕು ವರ್ಷ ಸುಮ್ನೆ ಮೂಲೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದ ನನ್ನ ತಲೆಗೆ ಈ ಸಲ ಇಡೀ ಶಿಬಿರದ ಜವಾಬ್ದಾರಿ ಕಟ್ಟಿದರು. ಕಳೆದ ವರ್ಷ ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದು ನಿಮಗೆ ಗೊತ್ತು. ಅದರ ಮಧ್ಯೆ ನಾನು ಯಾಕೆ ಹೂಂ ಅಂದೆ ಅನ್ನುವುದು ನನಗೂ ಸರಿಯಾಗಿ ಗೊತ್ತಿಲ್ಲ.

ಬೇಗ ಹೇಳಿ ಮುಗಿಸಬೇಕಾದ ಥ್ಯಾಂಕ್ಸ್ ಮೊದಲು. ಹನ್ನೊಂದು ಟೆಂಟ್ ಹಾಕಿ ಇಳಿಸಿದ ತಂಡದವರಿಗೆ, ಮೂವತ್ತು ಅಂಗಿಗೆ ಕೈಯಲ್ಲೇ ಕಾಜಾ ಹಾಕಿಕೊಟ್ಟ ಗೆಳತಿಯರಿಗೆ, ಸೌದೆ ತಂದವರಿಗೆ, ಮಕ್ಕಳನ್ನು ಈಜು ಕ್ಲಾಸಿಗೆ ಬಿಟ್ಟು ಬಂದವರಿಗೆ, ಪುಳಿಯೋಗರೆ ಕಳಿಸಿದವರಿಗೆ, ನಮ್ಮ ಬೀದಿಯ ಆ ಪುಣ್ಯಾತ್ಮನ ಟ್ರಕ್ಕಿಗೆ ತುಂಬಾ ತುಂಬಾ ಥ್ಯಾಂಕ್ಸ್. ಗಂಡನಿಗೂ. "ನಿನ್ನ ದರೋಡೆ ಯಾವಾಗ ಮುಗಿಯುತ್ತೆ" ಅಂತ ದಿನಾ ಕೇಳಿದರೂ ದಿನಾ ಪಾತ್ರೆ ತೊಳೆದಿದ್ದಾರೆ. ಬಾಡಿಗೆಗೆ ತಂದ ದೊಡ್ಡ ಚಪ್ಪರದ ಬಟ್ಟೆಯಲ್ಲಿ ಪ್ಲಾಸ್ಟಿಕ್ ಕಿಟಕಿ ಇತ್ತಲ್ಲ, ಅದನ್ನು ಕಳಿಸಿದವರಿಗೆ ಥ್ಯಾಂಕ್ಸ್ ಇಲ್ಲ.

ತಂಡದ ಮೂರು ಜನರಿಗೆ ಮಾತ್ರ ಬೇರೆಯಾಗಿ ಹೇಳಬೇಕು. ಹೋದ ಅಕ್ಟೋಬರಿನಲ್ಲಿ ನನ್ನ ಜೊತೆ ಜಗಳ ಆಡಿ, ಕೊನೆಗೆ ನನ್ನ ಮಾತಿಗೆ ಒಪ್ಪಿದವರು ಅವರು. ಹಬ್ಬಕ್ಕೆ ಬರುವ ಜನ ಗಿಳಿ, ಮರಗಾಲು, ಕಣ್ಣುಪಟ್ಟಿ ಹುಡುಕುತ್ತಾರೆ. ನಗುತ್ತಾ ಹೋಗಲಿ, ತಪ್ಪೇನಿಲ್ಲ. ಆದರೆ ಸರ್ಲ್‌ನ ಜನ ಊರಿಂದ ಹೊತ್ತುಕೊಂಡು ಹೋಗಲು ನೋಡಿದ್ದು ಬೆಳ್ಳಿಯನ್ನಷ್ಟೇ ಅಲ್ಲ. ಕಪ್ಪು ಜನ, ಅಲ್ಲಿನ ಮೂಲನಿವಾಸಿಗಳು, ಮಿಶ್ರ ರಕ್ತದವರು ಕೈಗೆ ಸಿಕ್ಕರೆ ಅವರೆಲ್ಲ ಮಾರುವ ಮಾಲು. ಸ್ವತಂತ್ರರಾಗಿದ್ದವರೂ ಅಷ್ಟೇ. ಆ ರಾತ್ರಿ ಆ ಊರಿನಲ್ಲಿ ನಾನಿದ್ದಿದ್ದರೆ ನನ್ನ ಮೈಬಣ್ಣ ನೋಡಿ ನನ್ನನ್ನು ಯಾವ ಸಾಲಿಗೆ ನಿಲ್ಲಿಸುತ್ತಿದ್ದರು ಅನ್ನುವುದಕ್ಕೆ ಜಾಸ್ತಿ ಯೋಚನೆ ಬೇಡ, ಅಲ್ವಾ.

ನಾವು ಮಕ್ಕಳಿಗೆ ಗರಿಯ ಲೇಖನಿ ಕೊಟ್ಟು ಸಹಿ ಹಾಕಿಸುವ ಒಪ್ಪಂದದ ಹಾಳೆ ಇದೆಯಲ್ಲ, ಜಗಳ ಅದರದ್ದೇ. ಬುಕನೀರ್‌ಗಳ ಜೊತೆಗೇ ತಿರುಗಿದ ಎಕ್ಸ್‌ಕ್ವೆಮೆಲಿನ್ ಎಂಬ ವೈದ್ಯ 1678ರಲ್ಲಿ ಅಚ್ಚು ಹಾಕಿಸಿದ ಲೆಕ್ಕ ಅದು, ದರೋಡೆಯಲ್ಲಿ ಕೈಕಾಲು ಕಳೆದುಕೊಂಡವರಿಗೆ ಕೊಡುವ ಪರಿಹಾರದ್ದು. ಬಲಗೈ ಹೋದರೆ 600 ಬೆಳ್ಳಿ ನಾಣ್ಯ ಅಥವಾ ಆರು ಗುಲಾಮರು. ಎಡಗೈಗೆ 500. ಬಲಗಾಲಿಗೂ 500, ಎಡಗಾಲಿಗೆ 400. ಒಂದು ಕಣ್ಣಿಗೆ 100. "ಅಥವಾ ಆರು ಗುಲಾಮರು" ಅನ್ನುವುದನ್ನು ಬಿಟ್ಟುಬಿಡೋಣ, ಮಕ್ಕಳು ಓದುತ್ತಾರೆ ಅಂತ ಅವರು. ಮಕ್ಕಳು ಓದುತ್ತಾರೆ ಅಂತಲೇ ಇರಲಿ ಅಂತ ನಾನು. ಇಟ್ಟೆವು. ಶನಿವಾರ ಒಬ್ಬ ತಾಯಿ ಮಗಳಿಗೆ ಜೋರಾಗಿ ಓದಿ ಹೇಳುತ್ತಿದ್ದವಳು ಆ ಜಾಗಕ್ಕೆ ಬಂದು ನಿಂತಳು. ಮಗಳು "ಆಮೇಲೆ?" ಅಂದಳು. ತಾಯಿ ಮಂಡಿಯೂರಿ ಕೂತು, ಬಹಳ ಹೊತ್ತು, ಸಣ್ಣ ದನಿಯಲ್ಲಿ ವಿವರಿಸಿದಳು. ಆ ಮೂರು ಜನಕ್ಕೆ ಅದನ್ನು ದೂರದಿಂದಲೇ ಕೈ ಮಾಡಿ ತೋರಿಸಿದೆ.

ಇನ್ನು ಮಾವನ ವಿಷಯ.

ಮಾವ ಸಿದ್ದಾಪುರದ ಕಡೆಯವರು. 74 ವರ್ಷ. ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಎರಡು ಆಕಳು ಬಿಟ್ಟು ಬೇರೆ ಪ್ರಪಂಚ ಬೇಕು ಅಂದವರಲ್ಲ. ಅತ್ತೆ ಹೋದ ಮೇಲೆ ಒಬ್ಬರೇ ಇರುವುದು ಬೇಡ ಅಂತ ನಾವೇ ಹಟ ಮಾಡಿ ಕರೆಸಿಕೊಂಡೆವು. ಬಂದ ಹೊಸದರಲ್ಲಿ ದಿನವಿಡೀ ಕಿಟಕಿ ಹತ್ತಿರ ಕೂತಿರುತ್ತಿದ್ದರು. ಮಾತಿಲ್ಲ. ನಾನು ಟೇಬಲ್ ತುಂಬಾ ಕ್ಯಾನ್ವಾಸು, ಹಗ್ಗ ಹರಡಿಕೊಂಡು ಕೂತಾಗ ಒಂದು ದಿನ ಎದ್ದು ಬಂದು ಒಂದು ಗಂಟು ಬಿಚ್ಚಿದರು. "ಹಿಂಗಲ್ಲ ತಂಗಿ" ಅಂದು ಬೇರೆ ಥರ ಕಟ್ಟಿದರು. ಶಿಬಿರಕ್ಕೆ ಅವರು ಸೇರಿಕೊಂಡದ್ದು ಹಾಗೆ. ಒಪ್ಪಂದದ ಹಾಳೆ ಓದಿ ಹೇಳಿದರೆ ಅವರ ಪ್ರಶ್ನೆ ಒಂದೇ: "ಎಡಗಾಲಿಗೆ ಎಂತಕ್ಕೆ ಕಮ್ಮಿ?"

ಶುಕ್ರವಾರ ರಾತ್ರಿ ಮಳೆ ಬಂತಲ್ಲ. ಮಧ್ಯಾಹ್ನದವರೆಗೂ ಹವಾಮಾನದವರು ತುಂತುರು ಅಂದಿದ್ದರು. ಎಂಟೂವರೆಗೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಮಿಂಚು ಶುರುವಾದ ಕೂಡಲೇ ಎಲ್ಲರೂ ಜಾಗ ಖಾಲಿ ಮಾಡಿದರು, ಮಾಡಲೇಬೇಕಿತ್ತು, ನಿಯಮವೇ ಅದು. ಗಂಡ ಮನೆಯಲ್ಲಿ, ಚಿಕ್ಕವಳಿಗೆ ಜ್ವರ. ನಾನೂ ಮಾವನೂ ವ್ಯಾನಿನಲ್ಲಿ ಕೂತು ಮುಕ್ಕಾಲು ಗಂಟೆ ಕಾದೆವು. ಸಿಡಿಲು ದೂರ ಹೋಯಿತು. ಮಳೆಯೂ ಗಾಳಿಯೂ ಹೋಗಲಿಲ್ಲ.

ಟಾರ್ಚ್ ಹಿಡಿದು ಹೋಗಿ ನೋಡಿದರೆ ಸಣ್ಣ ಟೆಂಟುಗಳು ಪರವಾಗಿಲ್ಲ. ನಡುವಿನ ದೊಡ್ಡ ಚಪ್ಪರದ ಒಂದು ಕಂಬ ಸೀಳಿತ್ತು. ಗೂಟಗಳು ಮರಳಿನಿಂದ ಒಂದೊಂದೇ ಕಿತ್ತು ಬರುತ್ತಿದ್ದವು. ಅದರ ಕೆಳಗೇ ಆರು ತಿಂಗಳ ಕೆಲಸವೆಲ್ಲ ಇದ್ದದ್ದು. ಆಳವಾಗಿ ಗುಂಡಿ ತೋಡಿ ಕಂಬ ಹೂಳುವ ಹಾಗಿಲ್ಲ. ಆ ಊರಿನಲ್ಲಿ ಎಲ್ಲಿ ಕೆದಕಿದರೂ ಹಳೇ ಕಾಲದ ಏನೋ ಸಿಗುತ್ತದೆ, ಸಲಿಕೆಗೆ ಅನುಮತಿ ಇಲ್ಲ. ಮೂರು ಜನಕ್ಕೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಎತ್ತುವ ಹೊತ್ತೂ ಅದಲ್ಲ, ದಯವಿಟ್ಟು ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಅಳು ಬಂತು. "ಬಿಡಿ ಮಾವ, ಹೋದರೆ ಹೋಗಲಿ, ಮನೆಗೆ ಹೋಗೋಣ" ಅಂದೆ.

"ಅಡ್ಡಿಲ್ಲೆ" ಅಂದರು. ಪಂಚೆ ಎತ್ತಿ ಕಟ್ಟಿದರು.

ಪ್ರದರ್ಶನಕ್ಕೆ ಇಟ್ಟಿದ್ದ ಮರದ ಪೀಪಾಯಿ ನಾಲ್ಕಿದ್ದವು, ಖಾಲಿ. ಮಾವ ಅವನ್ನು ಉರುಳಿಸಿಕೊಂಡು ಬಂದು ಚಪ್ಪರದ ನಾಲ್ಕು ಮೂಲೆಗೆ ನಿಲ್ಲಿಸಿದರು. ಹಗ್ಗವನ್ನು ಗೂಟದಿಂದ ಬಿಡಿಸಿ, ಪೀಪಾಯಿಯ ಕಬ್ಬಿಣದ ಪಟ್ಟಿಯ ಕೆಳಗೆ ಎರಡು ಸುತ್ತು ಹಾಕಿ ಬಿಗಿದರು. ಖಾಲಿ ಪೀಪಾಯಿಯನ್ನು ಗಾಳಿ ಎಳೆದುಕೊಂಡು ಹೋಗಲ್ವಾ ಅಂತ ನಾನು ಕೇಳುವ ಹೊತ್ತಿಗೆ ಅವರು ಅದರ ಮುಚ್ಚಳ ತೆಗೆದಿದ್ದರು. ಬಟ್ಟೆಯ ಅಂಚನ್ನು ತಗ್ಗಿಸಿ, ಚಪ್ಪರದ ಮೇಲಿನ ನೀರು ನೇರ ಪೀಪಾಯಿಗೆ ಬೀಳುವ ಹಾಗೆ ಮಾಡಿದರು. ಮಳೆ ಜೋರಾದಷ್ಟೂ ಪೀಪಾಯಿ ತುಂಬಿತು. ತುಂಬಿದಷ್ಟೂ ಚಪ್ಪರ ಗಟ್ಟಿಯಾಗಿ ನಿಂತಿತು. ಸೀಳಿದ ಕಂಬಕ್ಕೆ ಎರಡು ಸೌದೆ ತುಂಡು ಆನಿಸಿ, ಮುರಿದ ಕಾಲಿಗೆ ಕಟ್ಟುವ ಹಾಗೆ ಹಗ್ಗ ಸುತ್ತಿದರು.

ಆಮೇಲೆ ಉಳಿದದ್ದು ಎಚ್ಚರ ಇರುವ ಕೆಲಸ. ಬಟ್ಟೆಯ ಮೇಲೆ ನೀರು ನಿಂತು ಜೋತುಬಿದ್ದ ಕಡೆ ಕೋಲಿನಿಂದ ಕೆಳಗಿನಿಂದ ಎತ್ತಬೇಕು, ನೀರು ಅಂಚಿಗೆ ಜಾರಿ ಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ. ನಾನು ಲಾಟೀನು ಹಿಡಿಯುವುದು, ಅವರು ಎತ್ತುವುದು. ಮಧ್ಯೆ ಥರ್ಮೋಸ್ ಫ್ಲಾಸ್ಕಿನಿಂದ ಕಷಾಯ. ಫ್ಲಾಸ್ಕು ಹದಿನೇಳನೇ ಶತಮಾನದ್ದಲ್ಲ ಅಂತ ನಾನೇ ಗೋಣಿಚೀಲದ ಕೆಳಗೆ ಬಚ್ಚಿಟ್ಟಿದ್ದೆ.

ಎರಡು ಗಂಟೆ ಇರಬೇಕು. ಮಾವ ಇದ್ದಕ್ಕಿದ್ದಂತೆ ಅತ್ತೆಯ ಮಾತು ತೆಗೆದರು. ಬಂದು ಐದು ತಿಂಗಳಾದರೂ ಒಂದು ಸಲವೂ ಅವರ ಬಾಯಲ್ಲಿ ಅತ್ತೆಯ ವಿಷಯ ಬಂದಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೀಗೇ ಅಕಾಲದ ಮಳೆ ಬಂತಂತೆ, ಬೇಯಿಸಿದ ಅಡಿಕೆಯೆಲ್ಲ ಅಟ್ಟದ ಮೇಲೆ. ಇವರು ತಾಡಪಾಲು ಎಳೆದು ಕಟ್ಟುತ್ತಿದ್ದರೆ ಅತ್ತೆ ಬೆಳಗಿನವರೆಗೂ ಲಾಟೀನು ಹಿಡಿದು ನಿಂತಿದ್ದರಂತೆ. "ಅವಳು ಹಿಡ್ದಿದ್ದು ನಿನ್ನ ಹಂಗೆಯ. ಬೆಳಕು ಗಂಟಿನ ಮೇಲಲ್ಲ, ಯನ್ನ ಮುಖದ ಮೇಲೆ" ಅಂದರು. ನಗಲಿಕ್ಕೆ ಹೋಗಿ ನಿಲ್ಲಿಸಿದರು.

ಅತ್ತೆಗೆ ಸೀರಿಯಸ್ ಅಂದಾಗ ನಾವು ಇಲ್ಲಿದ್ದೆವು. ಟಿಕೆಟ್ ಸಿಕ್ಕಿ, ಎರಡು ವಿಮಾನ ಬದಲಿಸಿ ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಆ ರಾತ್ರಿ ಮಾವನ ಪಕ್ಕ ಯಾರೂ ಇರಲಿಲ್ಲ. ಯಾರೂ. ಅವರಿಗೆ ಇದ್ದದ್ದು ಒಬ್ಬ ಮಗ, ಒಬ್ಬಳು ಸೊಸೆ, ಇಬ್ಬರೂ ಯಾವುದೋ ಏರ್‌ಪೋರ್ಟಿನ ಕುರ್ಚಿಯ ಮೇಲೆ. ಅಂಥವರು ಈಗ ನನ್ನ ಆಟದ ಚಪ್ಪರಕ್ಕಾಗಿ ಒದ್ದೆಯಾಗಿ ನಿಂತಿದ್ದಾರೆ. ಏನು ಹೇಳಬೇಕು ಅಂತಲೇ ತಿಳಿಯಲಿಲ್ಲ. ಲಾಟೀನನ್ನು ಗಂಟಿನ ಕಡೆ ತಿರುಗಿಸಿದೆ. "ಹಾಂ, ಹಂಗೆ" ಅಂದರು.

ನಾಲ್ಕಕ್ಕೆ ಮಳೆ ನಿಂತಿತು. ಆರಕ್ಕೆ ತಂಡದವರು ಹೆದರಿಕೊಂಡು ಓಡಿ ಬಂದಾಗ ಮಾವ ಪೀಪಾಯಿಯ ಪಕ್ಕ ಮುಖ ತೊಳೆಯುತ್ತಿದ್ದರು. ಉಳಿದ ಕಷಾಯ ಬಿಸಿ ಮಾಡಿ ಎಲ್ಲರ ಮರದ ಬಟ್ಟಲಿಗೂ ಸುರಿದರು. ನಮ್ಮ ನಾಯಕರು ಎರಡನೇ ಸಲ ಬಟ್ಟಲು ಚಾಚಿದರು.

ಹತ್ತು ಗಂಟೆಗೆ ಹಬ್ಬ ತೆರೆಯಿತು. ಮಾವನಿಗೆ ವೇಷ ಹಾಕಿಸುವ ಮಾತು ಮೊದಲೇ ಬಂದಿತ್ತು. ಯುರೋಪಿನ ಹಡಗುಗಳಲ್ಲಿ ನಮ್ಮ ಕಡೆಯ ಲಾಸ್ಕರ್ ನಾವಿಕರು ಇದ್ದದ್ದು ನಿಜ. ಆದರೆ ಅವರನ್ನು 1668ರ ಫ್ಲಾರಿಡಾಕ್ಕೆ ತಂದು ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಮಾವ ಮಾವನಾಗಿಯೇ ಕೂತರು, ಒಣಗಿದ ಪಂಚೆ, ಬಿಳಿ ಅಂಗಿ, ಮುಂದೆ ಎರಡು ಬೋಗುಣಿ. ಒಂದರಲ್ಲಿ ನಮ್ಮ ತೋಟದ ಕಾಳುಮೆಣಸು. ಇನ್ನೊಂದರಲ್ಲಿ ಒಣಮೆಣಸಿನಕಾಯಿ. ಮೊದಲನೆಯದು ನಮ್ಮಿಂದ ಹೊರಟಿದ್ದು. ನಮ್ಮ ಘಟ್ಟದ ಕೆಳಗಿನ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಎರಡನೆಯದು ಈ ಅಮೆರಿಕದ ನೆಲದಿಂದ ನಮ್ಮ ಅಡುಗೆಮನೆಗೆ ಬಂದದ್ದು. ಖಾರ ಅಂದರೆ ಇಂಡಿಯಾ ಅಂದುಕೊಂಡವರಿಗೆ ಇದನ್ನು ಹೇಳಿದರೆ ನಂಬಲು ಸ್ವಲ್ಪ ಹೊತ್ತು ಬೇಕು. ಒಬ್ಬ ಹುಡುಗ ಮಾವನನ್ನು "ನೀವು ಇಂಡಿಯನ್ನಾ?" ಅಂತ ಕೇಳಿದ. ಅವನು ಕೇಳಿದ್ದು ಟಿಮುಕುವಾ ಜನರ ಬಗ್ಗೆ, ಈ ನೆಲದ ಮೂಲದವರ ಬಗ್ಗೆ. ಮಾವ ಖುಷಿಯಿಂದ "ಯೆಸ್, ಯೆಸ್" ಅಂದುಬಿಟ್ಟರು. ಅದನ್ನು ಸರಿ ಮಾಡಲು ನನಗೆ ಕಾಲು ಗಂಟೆ ಹಿಡಿಯಿತು.

ಭಾನುವಾರ ಸಂಜೆ ಎಲ್ಲ ಬಿಚ್ಚುವಾಗ ಯಾರೋ ಒದ್ದೆ ಗಂಟು ಕತ್ತರಿಸಲು ಚಾಕು ತೆಗೆದರು. ಮಾವ ಬಿಡಲಿಲ್ಲ. ಒಂದೊಂದನ್ನೂ ಉಗುರಿನಿಂದ ಸಡಿಲಿಸಿ, ಹಗ್ಗವನ್ನು ಮೊಣಕೈಗೆ ಸುತ್ತಿ ಸಿಂಬಿ ಮಾಡಿ ಇಟ್ಟರು. ಹದಿನಾಲ್ಕು ಸಿಂಬಿ. ಗರಾಜಿನ ಮೊಳೆಗೆ ಹಾಕಿದ್ದೇನೆ.

ಮುಂದಿನ ಬುಧವಾರ ಅವರು ಊರಿಗೆ ಹೊರಡುತ್ತಾರೆ. ಮೆಣಸು ಕೊಯ್ಯಬೇಕಂತೆ, ಇನ್ನು ಇರಲು ಆಗುವುದಿಲ್ಲವಂತೆ. ಸ್ಟೀಲ್ ಡಬ್ಬಿ ಏಳು ಇಲ್ಲಿ ಉಳಿದಿವೆ, ಎರಡಕ್ಕೆ ಮುಚ್ಚಳ ಇಲ್ಲ. ಯಾರದ್ದು ಅಂತ ನೋಡಿ ತೆಗೆದುಕೊಂಡು ಹೋಗಿ. ಭಾನುವಾರ ಬೆಳಿಗ್ಗೆ ಬಂದರೆ ಮಾವ ಸಿಗುತ್ತಾರೆ, ಕಷಾಯ ಅವರೇ ಮಾಡುತ್ತಾರೆ.