ಗಿಡ ನೆಡುವ ಮುಂಚೆ ಹಳ್ಳದ ನೀರಿಗೆ ದಾರಿ ಬಿಡಿ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಎಲ್ಲಿ ಉಪ್ಪುನೀರು ನುಗ್ಗಿದರೂ ಸಿಗುವ ಪರಿಹಾರ ಎರಡೇ. ಕಲ್ಲಿನ ತಡೆಗೋಡೆ, ಇಲ್ಲವೇ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುವ ಕಾರ್ಯಕ್ರಮ. ಇವೆರಡಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಗಜನಿ ಭೂಮಿ ಇರುವವಳು ನಾನು. ಕಣ್ಣೆದುರು ಕಂಡದ್ದನ್ನು ಬರೆಯುತ್ತಿದ್ದೇನೆ.

ಗಜನಿ ಅಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆ. ಹೊಳೆಗೂ ಗದ್ದೆಗೂ ನಡುವೆ ಒಂದು ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಬಾಗಿಲು. ಜೂನ್‌ನಲ್ಲಿ ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತೇವೆ. ಕಗ್ಗ ಉಪ್ಪು ತಡೆಯುವ ಭತ್ತ. ಎತ್ತರಕ್ಕೆ ಬೆಳೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ, ಔಷಧ ಏನೂ ಬೇಡ. ತೆನೆ ಕೊಯ್ದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ, ಉಳಿದ ಹುಲ್ಲು ಕೊಳೆತು ಶೆಟ್ಲಿಗೂ (ಸೀಗಡಿ) ಮೀನಿಗೂ ಮೇವಾಗುತ್ತದೆ. ಮಳೆಗಾಲದಲ್ಲಿ ಗಂಜಿಗೆ ಅಕ್ಕಿ, ಬೇಸಿಗೆಯಲ್ಲಿ ಸಾರಿಗೆ ಮೀನು, ಎರಡೂ ಒಂದೇ ಗದ್ದೆಯಲ್ಲಿ. ನಮ್ಮತ್ತೆ ಕಟ್ಟೆಯ ಹೊರಬದಿಗೆ ಕಾಂಡ್ಲಾ ಬೀಜ ಊರುತ್ತಿದ್ದರು. ಅಲೆಯ ಹೊಡೆತವನ್ನು ಗಿಡ ತಿನ್ನಲಿ, ಕಟ್ಟೆ ಉಳಿಯಲಿ ಅಂತ.

ಭೂಸುಧಾರಣೆಯ ನಂತರ ಗಜನಿ ತುಂಡುತುಂಡಾಗಿ ಹಲವು ಮನೆಗಳಿಗೆ ಹಂಚಿಹೋಯಿತು. ಉಳುವವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಕಟ್ಟೆ ಎಲ್ಲರದ್ದೂ ಆದ ಮೇಲೆ ಅದಕ್ಕೆ ಮಣ್ಣು ಹಾಕುವವರು ಕಡಿಮೆಯಾದರು. ಆಮೇಲೆ ಸೀಗಡಿಗೆ ಒಳ್ಳೆಯ ದರ ಬಂತು. ಗುತ್ತಿಗೆ ಹಿಡಿದವರಿಗೆ ವರ್ಷವಿಡೀ ಉಪ್ಪುನೀರು ಬೇಕು, ಮಳೆಗಾಲದಲ್ಲೂ ಬಾಗಿಲು ತೆರೆದಿರಬೇಕು. ಕಗ್ಗ ಬಿತ್ತುವುದು ನಿಂತಿದ್ದೇ ಹೀಗೆ. ಎಷ್ಟೋ ಮನೆಗಳಲ್ಲಿ ಇವತ್ತು ಬೀಜವೂ ಇಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನಮ್ಮ ಗಜನಿಗೆ ನೀರು ತರುವ ಹಳ್ಳಕ್ಕೆ. ಹೊಳೆಯಿಂದ ಬರುವ ಆ ಹಳ್ಳದ ಮೇಲೆ ರಸ್ತೆ ಹಾದುಹೋಗುತ್ತದೆ. ಮೊದಲು ಅಲ್ಲಿ ಅಗಲವಾದ ಮೋರಿ ಇತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಕಿತ್ತು ಎರಡು ಸಿಮೆಂಟ್ ಪೈಪು ಇಟ್ಟರು, ಅದೂ ಹಳ್ಳದ ತಳಕ್ಕಿಂತ ಮೇಲೆ. ಭರತದಲ್ಲಿ ನೀರು ಒಳಗೆ ಬರುತ್ತದೆ. ಇಳಿತದಲ್ಲಿ ಪೈಪಿನ ಮಟ್ಟದವರೆಗೆ ಮಾತ್ರ ಇಳಿದು, ಉಳಿದದ್ದು ಅಲ್ಲೇ ನಿಲ್ಲುತ್ತದೆ. ಕಾಂಡ್ಲಾ ಕಾಡಿನ ಮರಗಳು ಉಸಿರಾಡುವುದು ಮಣ್ಣಿನಿಂದ ಮೇಲೆ ಎದ್ದಿರುವ ಬೇರುಗಳಿಂದ. ದಿನಕ್ಕೆರಡು ಸಲ ನೀರು ಇಳಿದಾಗ ಅವಕ್ಕೆ ಗಾಳಿ ಸಿಗಬೇಕು. ನಿಂತ ನೀರಿನಲ್ಲಿ ಅವು ಉಸಿರುಕಟ್ಟಿದವು. ರಸ್ತೆಯ ಒಳಬದಿಯ ಹಳೆಯ ಮರಗಳು ಒಂದೊಂದಾಗಿ ಒಣಗಿದವು. ಹೊರಬದಿಯಲ್ಲಿ ಅದೇ ಜಾತಿಯ ಮರಗಳು ಈಗಲೂ ಹಸಿರಾಗಿವೆ. ನಡುವೆ ಇರುವುದು ಒಂದು ರಸ್ತೆ ಅಷ್ಟೆ.

ಮರ ಸತ್ತ ಮೇಲೆ ಅದೇ ಜಾಗದಲ್ಲಿ ಸಾಲಾಗಿ ಸಸಿ ನೆಟ್ಟು ಬೋರ್ಡು ಹಾಕಿದರು. ಸಸಿಗಳೂ ಕೊಳೆತವು. ದೊಡ್ಡ ಮರಕ್ಕೇ ಬದುಕಲು ಆಗದ ನೀರಿನಲ್ಲಿ ಸಸಿ ಹೇಗೆ ಬದುಕೀತು? ನೀರು ಸರಿಯಾಗಿ ಬಂದು ಹೋಗುವ ಕಡೆ ನೆಡುವ ಕೆಲಸವೇ ಹೆಚ್ಚಿನ ಸಲ ಬೇಕಾಗುವುದಿಲ್ಲ. ಹತ್ತಿರ ತಾಯಿಮರಗಳಿದ್ದರೆ ಬೀಜಗಳು ಭರತದಲ್ಲಿ ತೇಲಿ ಬಂದು ತಾವೇ ನಾಟುತ್ತವೆ.

ಇನ್ನೊಂದು ಮಾತು. ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ದಿಬ್ಬಗಳು ದೂರದಿಂದ ನೋಡುವವರಿಗೆ ಖಾಲಿ ಜಾಗದಂತೆ ಕಾಣುತ್ತವೆ. ಅವು ಖಾಲಿ ಅಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು (ಕೆಸರಿನ ಚಿಪ್ಪುಜೀವಿ) ಆರಿಸುವ ನಮ್ಮೂರ ಹೆಂಗಸರ ದುಡಿಮೆ ಅಲ್ಲಿದೆ. ದಯವಿಟ್ಟು ಅಲ್ಲಿ ಸಸಿ ನೆಡಬೇಡಿ. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಅದಕ್ಕೇ ಮಳೆಗಾಲದ ಸಿಹಿ, ಬೇಸಿಗೆಯ ಉಪ್ಪು ಇನ್ನೂ ತಮ್ಮ ಹೊತ್ತಿಗೆ ಬರುತ್ತಿವೆ, ಬಳಚೂ ಉಳಿದಿದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ತಿಗಾಗಿ ಬಿಡುವ ಸಿಹಿನೀರು ವರ್ಷವಿಡೀ ಬರುತ್ತದೆ. ಅಲ್ಲಿಯ ಅಳಿವೆಯಲ್ಲಿ ಬಳಚು ಇಲ್ಲಿಯಷ್ಟಿಲ್ಲ.

ಅಣೆಕಟ್ಟು ಇಲ್ಲದ್ದರಿಂದ ಇನ್ನೊಂದು ಲಾಭವೂ ಇದೆ. ಘಟ್ಟದ ಮಣ್ಣು ನೆರೆಯ ಜೊತೆ ಕೆಳಗೆ ಬರುತ್ತದೆ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂ.ಮೀ. ಏರಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿ ಹೇಳಿದೆ. 2006ರಿಂದ 2018ರವರೆಗೆ ಅದು ವರ್ಷಕ್ಕೆ 3.7 ಮಿ.ಮೀ. ಲೆಕ್ಕದಲ್ಲಿ ಏರುತ್ತಿತ್ತು. ಕಲ್ಲಿನ ಗೋಡೆ ಅದರ ಜೊತೆ ಏರುವುದಿಲ್ಲ. ಕಾಂಡ್ಲಾ ಬೇರುಗಳು ಕೆಸರನ್ನು ಹಿಡಿದಿಟ್ಟುಕೊಂಡರೆ ನೆಲ ನಿಧಾನವಾಗಿ ಮೇಲೇಳುತ್ತದೆ. ಆದರೆ ಹಳ್ಳ ಕಟ್ಟಿಕೊಂಡರೆ ಆ ಮಣ್ಣು ಒಳಗೆ ಬರುವುದು ಹೇಗೆ? 2019ರ ಆಗಸ್ಟ್ ನೆರೆಯಲ್ಲಿ ನಮ್ಮ ಹಿತ್ತಲಿಗೆ ಬಂದ ನೀರು ಬೇಗ ಇಳಿಯದೇ ಇದ್ದದ್ದಕ್ಕೂ ಆ ಪೈಪುಗಳೇ ಕಾರಣ ಅಂತ ನನ್ನ ನಂಬಿಕೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅದಕ್ಕೂ ಮುಂಚೆ, 2023ರಲ್ಲಿ, ಕೇಂದ್ರ ಸರ್ಕಾರ ದೇಶದಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಬೆಳೆಸುವ 'ಮಿಷ್ಟಿ' ಯೋಜನೆ ಆರಂಭಿಸಿತು. ಎರಡೂ ಸಂತೋಷದ ವಿಷಯ. ಆದರೆ ಕೆಲಸವನ್ನು ನೆಟ್ಟ ಸಸಿಯ ಲೆಕ್ಕದಲ್ಲಿ ಅಳೆಯಬೇಡಿ. ಎಷ್ಟು ಹಳ್ಳಗಳಲ್ಲಿ ನೀರು ಮತ್ತೆ ಪೂರ್ತಿ ಇಳಿಯಿತು ಅಂತ ಕೇಳಿ. ಕಟ್ಟೆ ಮತ್ತು ಬಾಗಿಲಿನ ದುರಸ್ತಿಗೆ ಹಣ ಕೊಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಜನಿಗೆ ಉಪ್ಪುನೀರು ಬಿಡಬಾರದು ಎಂಬ ಮಾತು ಪ್ರತಿ ಗುತ್ತಿಗೆಯಲ್ಲೂ ಇರಲಿ. ಕಗ್ಗದ ಅಕ್ಕಿಗೆ ಒಳ್ಳೆಯ ಬೆಲೆ ಸಿಕ್ಕರೆ ಬಿತ್ತುವವರು ಈಗಲೂ ಇದ್ದಾರೆ, ನಾನೂ ಒಬ್ಬಳು.

ಸಂಬಂಧಪಟ್ಟ ಇಂಜಿನಿಯರುಗಳಲ್ಲಿ ಒಂದು ವಿನಂತಿ. ಅಮಾವಾಸ್ಯೆಯ ಹಿಂದುಮುಂದಿನ ದಿನ ಇಳಿತದ ಹೊತ್ತಿಗೆ ಬನ್ನಿ, ರಸ್ತೆಯ ಎರಡೂ ಬದಿ ನಿಂತು ನೀರಿನ ಮಟ್ಟ ಅಳೆಯಿರಿ. ಆಮೇಲೆ ಆ ಪೈಪು ತೆಗೆದು, ಹಳ್ಳದಷ್ಟೇ ಅಗಲದ, ತಳ ಮುಚ್ಚದ ಕಿರುಸೇತುವೆ ಕಟ್ಟಿಕೊಡಿ.

– ಗಜನಿ ರೈತ ಮಹಿಳೆ, ಕುಮಟಾ ತಾಲ್ಲೂಕು