ಭಾನುವಾರದ ಗೈವಾನ್ ಚಹಾ ಅಭ್ಯಾಸ: ಸಿದ್ಧತೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ವಿಡಿಯೋ ಕರೆಯಲ್ಲಿ ಊಲಾಂಗ್ ಎಂಬ ಚೀನೀ ಚಹಾದ ಅಭ್ಯಾಸ. ಹೆಸರು ಕೊಟ್ಟವರು 100 ಮಿ.ಲೀ. ಗೈವಾನ್ (ಮುಚ್ಚಳ, ತಟ್ಟೆ ಇರುವ ಚೀನೀ ಚಹಾ ಬಟ್ಟಲು), ತೂಗಿದ 5 ಗ್ರಾಂ ಎಲೆ, ಕುದಿನೀರು ಹತ್ತಿರ ಇಟ್ಟುಕೊಳ್ಳಿ.

ಚೀನೀಯರ ಭಾವನೆಯಲ್ಲಿ ಗೈವಾನಿನ ಮುಚ್ಚಳ ಆಕಾಶ, ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ. ಮೂರನ್ನೂ ಬಿಡಿಸದೆ ಒಟ್ಟಿಗೇ ಎತ್ತುವುದನ್ನು ಮೊದಲು ಕಲಿಯೋಣ.

ದಯವಿಟ್ಟು ನೀರನ್ನು ಅಂಚಿನವರೆಗೆ ತುಂಬಬೇಡಿ. ಹೊರಚಾಚಿದ ಅಂಚು ಕಾದರೆ ಬೆರಳು ಸುಡುತ್ತದೆ, ಬಟ್ಟಲು ಕೈಜಾರುತ್ತದೆ. ಮೊದಲ ಸಲ ಎಲೆ ನೀರಿನಲ್ಲಿ 15 ಸೆಕೆಂಡು ನೆನೆದರೆ ಸಾಕು. ಹೆಚ್ಚು ಬಿಟ್ಟರೆ ಬರೀ ಒಗರು.

ಚೀನಾದ ಚಾನ್ (ಧ್ಯಾನ) ಪಂಥದ ಬೌದ್ಧ ಭಿಕ್ಷುಗಳು ಧ್ಯಾನದಲ್ಲಿ ತೂಕಡಿಸದಿರಲೆಂದು ಚಹಾ ಕುಡಿಯುತ್ತಿದ್ದರು. ನಾವೂ ಮೊದಲ ಬಟ್ಟಲನ್ನು ಮೌನವಾಗಿಯೇ ಕುಡಿಯೋಣ, ಮೈಕ್ ಮ್ಯೂಟ್ ಇರಲಿ.

ಗೈವಾನ್ ಇಲ್ಲದವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.